ಬೆಳಕು ಬೇಕು, ಗದ್ದಲ ಬೇಡ

ಹೊಳೆಯ ದಂಡೆಯಲ್ಲಿ ನಾಲ್ಕು ಡೇರೆಗಳು. ಹಗಲೆಲ್ಲ ಬೆಟ್ಟ ಹತ್ತಿ ದಣಿದವರು ಒಲೆಯ ಸುತ್ತ ಕುಳಿತಿದ್ದಾರೆ. ನೀರಿನ ಮೊರೆತ, ಜೀರುಂಡೆಗಳ ಏಕತಾನ, ಎಲ್ಲಿಯೋ ದೂರದಲ್ಲಿ ಗೂಬೆಯೊಂದರ ಕೂಗು. ಪಟ್ಟಣದವರು ಅಷ್ಟು ದೂರ ಪ್ರಯಾಣ ಮಾಡಿ ಬರುವುದು ಇದಕ್ಕಾಗಿಯೇ. ಅಷ್ಟರಲ್ಲಿ ಕೊನೆಯ ಡೇರೆಯ ಹಿಂದೆ ಯಾರೋ ಹಗ್ಗವನ್ನು ಜಗ್ಗಿ ಎಳೆಯುತ್ತಾರೆ. ಒಮ್ಮೆ, ಇನ್ನೊಮ್ಮೆ, ಮೂರನೆಯ ಸಲಕ್ಕೆ ಯಂತ್ರ ಗುಡುಗುತ್ತದೆ. ದೀಪಗಳು ಹೊತ್ತಿಕೊಳ್ಳುತ್ತವೆ. ಹೊಳೆ, ಜೀರುಂಡೆ, ಗೂಬೆ ಮೂರೂ ಮಾಯವಾಗುತ್ತವೆ.

ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಜನರೇಟರು ಒಂದು ವರವೇ ಸರಿ. ಜಾತ್ರೆಯ ಅಂಗಡಿಗೂ ಮದುವೆಯ ಚಪ್ಪರಕ್ಕೂ ಕಾಡಿನ ಬಿಡಾರಕ್ಕೂ ಅದು ಬೆಳಕು ಕೊಡುತ್ತದೆ. ಆದರೆ ಆ ವರದ ಜೊತೆಗೆ ಬರುವ ಗದ್ದಲವನ್ನು ಅನುಭವಿಸಬೇಕಾದವರು ಯಂತ್ರದ ಒಡೆಯರು ಮಾತ್ರವಲ್ಲ. ಆ ಬೆಳಕಿನಲ್ಲಿ ಪಾಲಿಲ್ಲದ ನೆರೆಯವರೂ ಹೌದು. ಗದ್ದಲವನ್ನು ತಗ್ಗಿಸುವ ಉಪಾಯಗಳಿವೆ. ಅವುಗಳಲ್ಲಿ ಕೆಲವು ಸುಲಭ, ಕೆಲವು ನಿರರ್ಥಕ, ಒಂದೆರಡು ಪ್ರಾಣಾಂತಿಕ. ಯಾವುದು ಯಾವುದೆಂದು ತಿಳಿದಿರುವುದು ಅವಶ್ಯ.

ಸದ್ದಿನ ಮೂಲ

ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳದು. ಸಾಮಾನ್ಯ ಬಗೆಯ ಸಣ್ಣ ಜನರೇಟರು ಅದನ್ನು ಉತ್ಪಾದಿಸಬೇಕಾದರೆ ಅದರ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಬೇಕು. ಒಂದು ಸಿಲಿಂಡರಿನ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಇಂಧನ ಸಿಡಿಯುತ್ತದೆ. ಎಂದರೆ ಸೆಕೆಂಡಿಗೆ 25 ಸ್ಫೋಟಗಳು. ಹೊರೆ ಒಂದೇ ಒಂದು ಬಲ್ಬಾದರೂ ವೇಗ ಅಷ್ಟೇ ಇರಬೇಕು. ಸ್ಫೋಟಗಳ ಸಂಖ್ಯೆಯೂ ಅಷ್ಟೇ.

ಈ ಸ್ಫೋಟಗಳ ಒತ್ತಡ ಹೊಗೆ ಕೊಳವೆಯ ಮೂಲಕ ಹೊರಬೀಳುವುದೇ ಗದ್ದಲದ ಮುಖ್ಯ ಭಾಗ. ಅದರ ಜೊತೆಗೆ ಗಾಳಿಯನ್ನು ಒಳಗೆಳೆಯುವ ಸದ್ದು, ತಂಪುಗೊಳಿಸುವ ಪಂಖದ ಸದ್ದು, ಲೋಹದ ಭಾಗಗಳ ಕಟಕಟ, ನೆಲಕ್ಕೆ ಇಳಿಯುವ ಕಂಪನ ಇವೆಲ್ಲ ಸೇರುತ್ತವೆ.

ಹೊಗೆಯ ಸದ್ದನ್ನು ಪಳಗಿಸುವ ಸೈಲೆನ್ಸರಿನ ಕಥೆಯಲ್ಲಿ ಒಂದು ಸ್ವಾರಸ್ಯವಿದೆ. 1884ರಲ್ಲಿ ಮೆಷಿನ್‌ಗನ್ನನ್ನು ನಿರ್ಮಿಸಿ ಜಗತ್ತಿಗೆ ಹೊಸ ಗದ್ದಲವೊಂದನ್ನು ಕೊಟ್ಟವನು ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್. ಅವನ ಮಗ ಹೈರಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಬಂದೂಕಿನ ಸದ್ದನ್ನು ಅಡಗಿಸುವ ಸಾಧನಕ್ಕೆ ಹಕ್ಕುಪತ್ರ ಪಡೆದು, ಅದೇ ತತ್ತ್ವವನ್ನು ಎಂಜಿನ್ನುಗಳಿಗೂ ಅಳವಡಿಸಿದ. ತಂದೆ ಎಬ್ಬಿಸಿದ ಸದ್ದನ್ನು ಮಗ ಮಲಗಿಸಿದಂತಾಯಿತು. ಇಂದಿನ ಸೈಲೆನ್ಸರಿನ ಒಳಗೆ ತೂತುಗಳುಳ್ಳ ಕೊಳವೆಗಳೂ ಚಿಕ್ಕ ಕೋಣೆಗಳೂ ಇರುತ್ತವೆ. ಒತ್ತಡದ ಅಲೆಗಳು ಅಲ್ಲಿ ಗೋಡೆಗೆ ತಾಗಿ ಹಿಂದಿರುಗಿ, ಒಂದನ್ನೊಂದು ಕುಗ್ಗಿಸಿ, ಸೌಮ್ಯವಾಗಿ ಹೊರಬರುತ್ತವೆ.

ಆದುದರಿಂದ ಮೊದಲ ಚಿಕಿತ್ಸೆಗೆ ಹಣ ಬೇಕಿಲ್ಲ. ತುಕ್ಕು ಹಿಡಿದು ತೂತಾದ ಸೈಲೆನ್ಸರು, ಸಡಿಲಗೊಂಡ ತಿರುಪುಗಳು, ಸವೆದ ರಬ್ಬರ್ ಕಾಲುಗಳು ಇವನ್ನು ಪ್ರಯಾಣಕ್ಕೆ ಮುಂಚೆಯೇ ಸರಿಪಡಿಸಿಕೊಳ್ಳಬೇಕು. ಯಂತ್ರವನ್ನು ಲಾರಿಯ ತಗಡಿನ ಮೇಲಾಗಲಿ ಮೇಜಿನ ಮೇಲಾಗಲಿ ಇಟ್ಟರೆ ಆ ತಗಡು, ಆ ಮೇಜು ತಬಲೆಯಂತೆ ತಾವೂ ನುಡಿಯತೊಡಗುತ್ತವೆ. ಸಮತಟ್ಟಾದ ಮಣ್ಣಿನ ಮೇಲೆ, ದಪ್ಪ ರಬ್ಬರ್ ಹಾಸಿನ ಮೇಲೆ ಇಟ್ಟರೆ ಕಂಪನ ಅಲ್ಲಿಯೇ ಅಡಗುತ್ತದೆ. ಕೆಳಗಿನ ಒಣಹುಲ್ಲನ್ನು ಮೊದಲೇ ತೆಗೆದಿರಬೇಕು. ಸೈಲೆನ್ಸರಿನ ಬಿಸಿಗೆ ಹುಲ್ಲು ಹೊತ್ತಿಕೊಳ್ಳಲು ತಡವಿಲ್ಲ.

ದೂರವೆಂಬ ಅಗ್ಗದ ಔಷಧ

ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು ಸುಮಾರು 6 ಡೆಸಿಬೆಲ್‌ನಷ್ಟು ಕುಗ್ಗುತ್ತದೆ. 10 ಡೆಸಿಬೆಲ್ ಕುಗ್ಗಿದರೆ ಕಿವಿಗೆ ಅರ್ಧಕ್ಕೆ ಇಳಿದಂತೆ ತೋರುತ್ತದೆ.

ಭಾರತದಲ್ಲಿ ಪೆಟ್ರೋಲು ಅಥವಾ ಸೀಮೆಎಣ್ಣೆಯಿಂದ ನಡೆಯುವ ಹೊಸ ಜನರೇಟರುಗಳಿಗೆ 2003ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ಮಿತಿ 86 ಡೆಸಿಬೆಲ್. ಇದು ಯಂತ್ರ ಹೊರಸೂಸುವ ಒಟ್ಟು ಶಬ್ದಶಕ್ತಿಯ ಅಳತೆ. ಇಂಥ ಯಂತ್ರದಿಂದ 7 ಮೀಟರ್ ದೂರದಲ್ಲಿ ನಿಂತವನ ಕಿವಿಗೆ ಸುಮಾರು 61 ಡೆಸಿಬೆಲ್ ಬೀಳುತ್ತದೆ. 28 ಮೀಟರಿಗೆ 49, 56 ಮೀಟರಿಗೆ 43. ವಸತಿ ಪ್ರದೇಶಗಳಿಗೆ 2000ದ ಶಬ್ದಮಾಲಿನ್ಯ ನಿಯಮಗಳು ವಿಧಿಸಿರುವ ರಾತ್ರಿಯ ಮಿತಿ 45. ಅರ್ಥಾತ್, ಬೇರೇನನ್ನೂ ಮಾಡದೆ ಯಂತ್ರವನ್ನು ಅರವತ್ತು ಹೆಜ್ಜೆ ಆಚೆಗಿಟ್ಟರೂ ಬಹುಪಾಲು ಕೆಲಸ ಮುಗಿದಂತೆಯೇ.

ಉದ್ದನೆಯ ತಂತಿಯಲ್ಲಿ ವಿದ್ಯುತ್ತು ಸೋರಿಹೋಗುವುದೆಂಬ ಭಯ ಹಲವರಿಗುಂಟು. ತಂತಿ ದಪ್ಪವಾಗಿದ್ದರೆ ಆ ಭಯಕ್ಕೆ ಕಾರಣವಿಲ್ಲ. 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 30 ಮೀಟರ್ ದೂರಕ್ಕೆ ಒಂದು ಕಿಲೋವಾಟ್ ಒಯ್ದರೆ 230 ವೋಲ್ಟಿನಲ್ಲಿ ಕಳೆದುಹೋಗುವುದು ಸುಮಾರು 2 ವೋಲ್ಟ್ ಮಾತ್ರ. ತೆಳುವಾದ ತಂತಿಯನ್ನು ಎಳೆದರೆ ಅದು ಬಿಸಿಯಾಗುತ್ತದೆ. ಎಡವುವ ಜಾಗದಲ್ಲಿ ಎಳೆದರೆ ಕತ್ತಲೆಯಲ್ಲಿ ಯಾರೋ ಬೀಳುತ್ತಾರೆ. ಮಳೆಗೂ ಬಿಸಿಲಿಗೂ ಜಗ್ಗದ ಹೊದಿಕೆಯ ತಂತಿಯೇ ಇರಬೇಕು.

ಗಾಳಿಯ ಮರ್ಮ

ಹಗಲಿನಲ್ಲಿ ಸಹ್ಯವಾಗಿದ್ದ ಸದ್ದು ರಾತ್ರಿಯಲ್ಲಿ ಅಸಹ್ಯವಾಗುವುದು ಬರಿಯ ಭ್ರಮೆಯಲ್ಲ. ಬಾನು ತಿಳಿಯಾದ ರಾತ್ರಿಗಳಲ್ಲಿ ನೆಲದ ಬಳಿಯ ಗಾಳಿ ತಣ್ಣಗಾಗುತ್ತದೆ, ಮೇಲಿನದು ಬೆಚ್ಚಗಿರುತ್ತದೆ. ಆಗ ಮೇಲಕ್ಕೆ ಹೋಗಬೇಕಾದ ಶಬ್ದದ ಅಲೆಗಳು ಬಾಗಿ ಮತ್ತೆ ನೆಲದತ್ತ ಇಳಿಯುತ್ತವೆ. ಕೆರೆಯ ಆಚೆ ದಡದ ಮಾತು ರಾತ್ರಿಯ ಹೊತ್ತು ಸ್ಪಷ್ಟವಾಗಿ ಕೇಳಿಸುವುದೂ ಇದರಿಂದಲೇ. ಆದ್ದರಿಂದ ಯಂತ್ರವನ್ನು ನೀರಿನ ಅಂಚಿಗೆ ಒಯ್ದಿಡುವುದು ಅವಿವೇಕ. ಈಚೆಯವರಿಗೆ ತಪ್ಪಿದ ಕಾಟ ಆಚೆ ದಡದವರಿಗೆ ಅಂಟುತ್ತದೆ.

ಬೀಸುವ ಗಾಳಿಯೂ ಸದ್ದನ್ನು ತನ್ನ ದಿಕ್ಕಿನಲ್ಲಿ ನೆಲಕ್ಕೆ ಬಾಗಿಸಿ ಒಯ್ಯುತ್ತದೆ. ಎದುರು ದಿಕ್ಕಿನಲ್ಲಿ ಮೇಲಕ್ಕೆ ತೂರಿಬಿಡುತ್ತದೆ. ಡೇರೆಗಳ ಕಡೆಯಿಂದ ಯಂತ್ರದ ಕಡೆಗೆ ಗಾಳಿ ಬೀಸುವಂತೆ ಸ್ಥಳವನ್ನು ಆರಿಸಿದರೆ ಸದ್ದು, ಹೊಗೆ ಎರಡೂ ಒಟ್ಟಿಗೆ ದೂರ ಸರಿಯುತ್ತವೆ. ಹೊಗೆ ಕೊಳವೆಯ ಬಾಯಿಯೂ ಆಚೆಗೇ ತಿರುಗಿರಲಿ. ಆಚೆ ಕಡೆ ಬೇರೆಯವರ ಡೇರೆಯಿಲ್ಲವೆಂಬುದನ್ನು ಮಾತ್ರ ಮೊದಲು ನೋಡಿಕೊಳ್ಳಬೇಕು.

ಯಂತ್ರಕ್ಕೂ ಡೇರೆಗೂ ನಡುವೆ ದಪ್ಪ ಹಲಗೆಯನ್ನು ಮರೆಯಾಗಿ ನಿಲ್ಲಿಸುವುದುಂಟು. ಯಂತ್ರ ಕಣ್ಣಿಗೆ ಬೀಳದಷ್ಟು ಎತ್ತರವಿದ್ದರೆ ಅದು ಫಲ ಕೊಡುತ್ತದೆ. ಆದರೆ ಅರ್ಧ ಫಲ ಮಾತ್ರ. ಕೀಚಲು ಸದ್ದಿನ ಅಲೆ ಗೇಣಿನ ಅಳತೆಯದು. ಹಲಗೆ ಅದನ್ನು ತಡೆಯುತ್ತದೆ. ಸೆಕೆಂಡಿಗೆ 25ರ ಆ ಗುಡುಗಿನ ಅಲೆಯೋ ಹದಿಮೂರು ಮೀಟರಿಗೂ ಮಿಕ್ಕ ಉದ್ದದ್ದು. ಅದು ಹಲಗೆಯನ್ನು ಲೆಕ್ಕಿಸದೆ ಬಳಸಿ ಬರುತ್ತದೆ. ಹಲಗೆಯನ್ನು ಯಂತ್ರದಿಂದ ಒಂದು ಮೀಟರಿನಷ್ಟಾದರೂ ದೂರದಲ್ಲಿಟ್ಟು, ಉಳಿದ ಮೂರು ಕಡೆ ಗಾಳಿಗೆ ತೆರವಾಗಿ ಬಿಡಬೇಕು.

ಕೊಲ್ಲುವ ಮೌನ

ಇಲ್ಲಿಂದ ಮುಂದೆ ಅಪಾಯದ ಗಡಿ. ಒಂದು ಕಡೆ ಮರೆ ಕಟ್ಟಿ ಸದ್ದು ತಗ್ಗಿತೆಂದರೆ ನಾಲ್ಕೂ ಕಡೆ ಕಟ್ಟುವ ಆಸೆ ಹುಟ್ಟುತ್ತದೆ. ಪೆಟ್ಟಿಗೆಯಲ್ಲಿ ಮುಚ್ಚುವವರಿದ್ದಾರೆ, ಗುಂಡಿ ತೋಡಿ ಇಳಿಸುವವರಿದ್ದಾರೆ, ಮಳೆ ಬಂತೆಂದು ಡೇರೆಯ ಬಾಗಿಲೊಳಕ್ಕೇ ಎಳೆದುಕೊಳ್ಳುವವರಿದ್ದಾರೆ. ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಹಚ್ಚಿದಂತೆ ಇದು.

ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಕೆಂಪು ದ್ರವ್ಯ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಅಪ್ಪಿಕೊಳ್ಳುತ್ತದೆ. ಉಸಿರಾಟ ನಡೆದಿದ್ದರೂ ದೇಹ ಒಳಗೊಳಗೇ ಉಸಿರುಗಟ್ಟುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತವೆ. ಮಲಗಿದವರಿಗೆ ಈ ಮುನ್ಸೂಚನೆಯೂ ದೊರೆಯುವುದಿಲ್ಲ. ಡೇರೆಯ ಬಟ್ಟೆಯನ್ನು ಎತ್ತಿ ಕಟ್ಟಿದರೂ, ಕಿಟಕಿಯನ್ನು ತೆರೆದಿಟ್ಟರೂ ಅದು ರಕ್ಷಣೆಯಲ್ಲ. ಮನುಷ್ಯರಿರುವ ಜಾಗದಿಂದ ಕನಿಷ್ಠ 20 ಅಡಿ, ಎಂದರೆ 6 ಮೀಟರ್, ದೂರದಲ್ಲಿ ಬಯಲಿನಲ್ಲಿಯೇ ಯಂತ್ರವಿರಬೇಕೆಂದು ಅಮೆರಿಕದ ಸುರಕ್ಷತಾ ಅಧಿಕಾರಿಗಳು ಎಚ್ಚರಿಸುತ್ತಾರೆ. ಸದ್ದು ತಗ್ಗಿಸಲು ದೂರ ಬೇಕು; ಪ್ರಾಣ ಉಳಿಸಲೂ ದೂರವೇ ಬೇಕು.

ಹೊಗೆ ಕೊಳವೆಗೆ ರಬ್ಬರ್ ನಳಿಕೆ ಸಿಕ್ಕಿಸಿ ಬಕೆಟಿನ ನೀರಿನಲ್ಲಿ ಅದ್ದುವ ಉಪಾಯವೂ ಪ್ರಚಾರದಲ್ಲಿದೆ. ಸದ್ದು ತಗ್ಗುವುದು ನಿಜ. ಆದರೆ ಎಂಜಿನ್ನು ಹೊಗೆಯನ್ನು ಹೊರದಬ್ಬಲು ತಿಣುಕಬೇಕಾಗುತ್ತದೆ, ನಳಿಕೆ ಬಿಸಿಗೆ ಕರಗುತ್ತದೆ, ಯಂತ್ರ ನಿಂತು ಆರುವಾಗ ನೀರನ್ನು ಹಿಂದಕ್ಕೆಳೆದುಕೊಳ್ಳುವ ಭಯವೂ ಇದೆ. ನೀರು ಆ ವಿಷಾನಿಲವನ್ನು ಹಿಡಿದಿಡುವುದೂ ಇಲ್ಲ.

ಯಂತ್ರವೇ ಬದಲಾದಾಗ

ಹೊಸ ಯಂತ್ರ ಕೊಳ್ಳುವವರಿಗೆ ಇನ್ವರ್ಟರ್ ಜನರೇಟರು ಉತ್ತಮ. ಅದರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಏಕಮುಖ ಪ್ರವಾಹವಾಗಿ, ಅನಂತರ ಇಲೆಕ್ಟ್ರಾನಿಕ್ ಮಂಡಲದ ಮೂಲಕ 50 ಆವರ್ತನಗಳ ಪ್ರವಾಹವಾಗಿ ರೂಪುಗೊಳ್ಳುತ್ತದೆ. ಎಂಜಿನ್ನು 3000 ಸುತ್ತಿಗೆ ಕಟ್ಟುಬೀಳಬೇಕಿಲ್ಲ. ಹೊರೆ ಕಡಿಮೆಯಾದರೆ ವೇಗವೂ ಇಳಿದು ಸದ್ದು ತಾನಾಗಿ ಮೆತ್ತಗಾಗುತ್ತದೆ. ಕೊಳ್ಳುವಾಗ ಒಂದು ಎಚ್ಚರಿಕೆ: ಜಾಹೀರಾತಿನ ಡೆಸಿಬೆಲ್ ಸಂಖ್ಯೆ ಎಷ್ಟು ದೂರದಲ್ಲಿ, ಎಷ್ಟು ಹೊರೆಯಲ್ಲಿ ಅಳೆದದ್ದೆಂದು ಕೇಳಬೇಕು. ಕಾಲುಭಾಗ ಹೊರೆಯಲ್ಲಿ 7 ಮೀಟರ್ ದೂರದಿಂದ ಅಳೆದ ಸಂಖ್ಯೆ ಯಾವಾಗಲೂ ಸುಂದರವಾಗಿಯೇ ಕಾಣುತ್ತದೆ.

ಗಂಟೆಯ ಲೆಕ್ಕ

ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಬಿಡಾರಗಳಲ್ಲಿ ಜನರೇಟರಿಗೆ ಗೊತ್ತಾದ ವೇಳೆಯುಂಟು: ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7. ಆ ಹೊತ್ತಿನಲ್ಲಿಯೂ ಮಿತವಾಗಿ ಬಳಸಬೇಕು. 50 ಅಡಿ ದೂರದಲ್ಲಿ 60 ಡೆಸಿಬೆಲ್ ಮೀರಬಾರದೆಂಬುದು ಆ ದೇಶದ ರಾಷ್ಟ್ರೀಯ ಉದ್ಯಾನಗಳ ನಿಯಮ.

ಇಂಥ ಕಟ್ಟಳೆ ಇಲ್ಲದ ಕಡೆಯೂ ಇದನ್ನು ಅನುಸರಿಸಲು ಅಡ್ಡಿಯಿಲ್ಲ. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿಯೊಂದರಲ್ಲಿ 1200 ವಾಟ್-ಗಂಟೆ ಶಕ್ತಿಯಿರುತ್ತದೆ. ಸೀಸದ ಬ್ಯಾಟರಿಯಾದರೆ ಅರ್ಧವನ್ನಷ್ಟೇ ಬಳಸುವುದು ಕ್ಷೇಮ. ಆ ಅರ್ಧವೂ 9 ವಾಟಿನ ನಾಲ್ಕು ಎಲ್‌ಇಡಿ ದೀಪಗಳನ್ನು ಆರು ಗಂಟೆ ಬೆಳಗಿಸಿ ಮಿಗುತ್ತದೆ. ಹಗಲಿನಲ್ಲಿ, ನೆರೆಯವರು ಬೆಟ್ಟ ಹತ್ತಲು ಹೋದ ಹೊತ್ತಿನಲ್ಲಿ, ಯಂತ್ರ ನಡೆಸಿ ಬ್ಯಾಟರಿಯನ್ನು ತುಂಬಿಕೊಂಡರೆ ರಾತ್ರಿಗೆ ಯಂತ್ರದ ಹಂಗೇ ಇಲ್ಲ.

ಹಾಗೆ ಮಾಡಿದ ಬಿಡಾರದಲ್ಲಿ ಊಟವಾದ ಮೇಲೆಯೂ ದೀಪ ಉರಿಯುತ್ತಿರುತ್ತದೆ. ಹೊಳೆಯ ಮೊರೆತ ಕೇಳುತ್ತಿರುತ್ತದೆ. ಗೂಬೆ ಕೂಗಿದರೆ, ಯಾವ ಮರದಿಂದ ಕೂಗಿತೆಂದು ಮಕ್ಕಳು ಬೆರಳು ಮಾಡಿ ತೋರಿಸುತ್ತಾರೆ.