ತೋಟಾ ಕೋವಿಯೊಳಗೆ ಹೋದ್ರೆ ಸಾಕಾ? ಕೈಲ್‌ಪೊಳ್ದ್‌ಗೆ ಮೊದಲು ಇದನ್ನೊಮ್ಮೆ ಓದಿ

ಮಡಿಕೇರಿ: ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹತ್ತಿರ ಬಂತು. ಮನೆಮನೆಯಲ್ಲಿ ಕೋವಿ ಒರೆಸಿ, ತೋಕ್ ಪೂ ಸಿಕ್ಕಿಸಿ, ಪೂಜೆಗೆ ಇಡುವ ಹೊತ್ತು. ಆಮೇಲೆ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಕೋವಿ ಒಂದು ಕಡೆಯಿಂದ, ತೋಟಾ ಇನ್ನೊಂದು ಕಡೆಯಿಂದ ಬಂದಿರುತ್ತೆ. ಆ ಗಡಿಬಿಡಿಯಲ್ಲಿ ಅಳತೆ ಯಾರು ನೋಡ್ತಾರೆ? "ಒಳಗೆ ಹೋಯ್ತು ತಾನೇ, ಹೊಡಿ" ಅಂತಾರೆ. ಅಪಾಯ ಇರೋದು ಈ ಮಾತಲ್ಲೇ. ಯಾಕೆಂದ್ರೆ ತಪ್ಪು ತೋಟಾ ಕೂಡ ಸಲೀಸಾಗಿ ಒಳಗೆ ಹೋಗುತ್ತೆ.

ಮೊದಲು ನಂಬರ್ ಲೆಕ್ಕ ನೋಡೋಣ. ಒಂದು ಪೌಂಡ್, ಅಂದ್ರೆ ಸುಮಾರು 453 ಗ್ರಾಂ ಸೀಸದಲ್ಲಿ 12 ಸಮನಾದ ಉಂಡೆ ಮಾಡಿದ್ರೆ, ಒಂದು ಉಂಡೆಯ ಅಗಲ ಎಷ್ಟೋ ಅದೇ 12 ಬೋರ್. ಸುಮಾರು 18.5 ಮಿ.ಮೀ. ಅದೇ ಸೀಸದಲ್ಲಿ 20 ಉಂಡೆ ಮಾಡಿದ್ರೆ ಉಂಡೆ ಸಣ್ಣದಾಗುತ್ತೆ, ಸುಮಾರು 15.6 ಮಿ.ಮೀ. ಹಾಗಾಗಿ ನಂಬರ್ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಹೊಸಬರು ಇಲ್ಲೇ ಎಡವೋದು.

ಈಗ 12 ಬೋರ್ ಕೋವಿಗೆ ಅಪ್ಪಿತಪ್ಪಿ 20 ಬೋರ್ ತೋಟಾ ಹಾಕಿದ್ರು ಅಂದ್ಕೊಳ್ಳಿ. ಅದು ಚೇಂಬರ್‌ನಲ್ಲಿ ನಿಲ್ಲದೆ ಮುಂದಕ್ಕೆ ಜಾರಿ, ನಳಿಗೆಯ ಬುಡದಲ್ಲಿ ಸಿಕ್ಕಿಕೊಳ್ಳುತ್ತೆ. ಕುದುರೆ ಎಳೆದ್ರೆ ಸದ್ದಿಲ್ಲ. ಕೋವಿ ಮಡಚಿ ನೋಡಿದ್ರೆ ಚೇಂಬರ್ ಖಾಲಿ ಇದ್ದಂಗೇ ಕಾಣುತ್ತೆ. "ಓ, ತೋಟಾನೇ ಹಾಕಿಲ್ಲ" ಅಂತ 12 ಬೋರ್ ತೋಟಾ ಹಾಕಿ ಹೊಡೆದ್ರೆ, ಮುಂದಿನ ದಾರಿ ಮುಚ್ಚಿರುವುದರಿಂದ ನಳಿಗೆ ಸಿಡಿಯುತ್ತೆ. ಸಿಡಿಯುವ ಜಾಗ ಎಡಗೈ ಹಿಡಿದಿರುವ ಹತ್ತಿರವೇ. ಬೆರಳು, ಕಣ್ಣು ಹೋಗೋದು ಹೀಗೆ.

ಎರಡನೇದು ಉದ್ದ. ಇದು ಅನುಭವಸ್ಥರಿಗೂ ಮೋಸ ಮಾಡುತ್ತೆ. 12 ಬೋರ್‌ನಲ್ಲೇ 65 ಮಿ.ಮೀ. ಮತ್ತು 70 ಮಿ.ಮೀ. ತೋಟಾ ಇವೆ. ಇಂಚಿನಲ್ಲಿ ಎರಡೂವರೆ, ಎರಡೂ ಮುಕ್ಕಾಲು. ತೋಟಾ ಮೇಲೆ ಬರೆದಿರುವ ಉದ್ದ ಹೊಡೆದ ಮೇಲಿನದ್ದು, ಅಂದ್ರೆ ಮಡಚಿದ ಬಾಯಿ ಬಿಚ್ಚಿಕೊಂಡಾಗಿನದ್ದು. ಹೊಡೆಯೋ ಮೊದಲು ಅದು ಗಿಡ್ಡ. ಅದಕ್ಕೇ 70ರ ತೋಟಾ ಹಳೇ 65ರ ಚೇಂಬರ್‌ನಲ್ಲೂ ಕೂರುತ್ತೆ. ಹೊಡೆದಾಗ ಮಾತ್ರ ಬಾಯಿ ಪೂರ್ತಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತೆ. ಅಜ್ಜನ ಕಾಲದ ವಿಲಾಯ್ತಿ ಕೋವಿ ಇದ್ದವರು ಇದನ್ನ ನೋಡ್ಲೇಬೇಕು. ನಳಿಗೆ ಮೇಲೆ ಸುರುಳಿ ಸುರುಳಿ ಗೆರೆ ಇರೋ ಡಮಾಸ್ಕಸ್ ಕೋವಿ ಆಗಿದ್ರೆ ಇನ್ನೂ ಹುಷಾರು. ಅವುಗಳಲ್ಲಿ ಬಹಳಷ್ಟು ಕಪ್ಪು ಮದ್ದಿಗೆ ಅಂತ ಮಾಡಿದವು. ಪರೀಕ್ಷೆ ಮಾಡಿಸದೆ ಈಗಿನ ತೋಟಾ ಹಾಕಬಾರದು.

ಲೈಸೆನ್ಸ್ ಪಡೆದು ಕೈಗೋವಿ ಇಟ್ಕೊಂಡವರಿಗೂ ಇದೇ ಮಾತು. ಪಾಯಿಂಟ್ 32 ಅಂದ್ರೆ ಒಂದೇ ತೋಟಾ ಅಲ್ಲ. ನಮ್ಮ ಆರ್ಡಿನೆನ್ಸ್ ಕಾರ್ಖಾನೆಯ ಪಾಯಿಂಟ್ 32 ರಿವಾಲ್ವರ್‌ಗೆ ಬೇರೆ, ಪಿಸ್ತೂಲಿಗೆ ಬೇರೆ. ಅಂಗಡಿಯಲ್ಲಿ ಬರೀ "ಪಾಯಿಂಟ್ 32 ಕೊಡಿ" ಅನ್ನಬೇಡಿ. ಯಾವ ಕೋವಿಗೆ ಅಂತ ಪೂರ್ತಿ ಹೇಳಿ.

ಇನ್ನು, ಖಾಲಿ ತೋಟಾಗೆ ಮನೆಯಲ್ಲೇ ಮದ್ದು ತುಂಬೋ ಅಭ್ಯಾಸ. ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋದು 1959ರ ಆಯುಧ ಕಾಯ್ದೆಯಲ್ಲಿ ಅಪರಾಧ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನ ಇದಕ್ಕೂ ಅನ್ವಯಿಸುತ್ತೆ ಅಂತ ತಿಳ್ಕೋಬೇಡಿ. ಕಾನೂನು ಬಿಡಿ, ಕಪ್ಪು ಮದ್ದಿನ ಅಳತೆಯಲ್ಲಿ ಹೊಗೆರಹಿತ ಮದ್ದು ತುಂಬಿದ್ರೆ ಕೋವಿಯೇ ಬಾಂಬ್ ಆಗುತ್ತೆ.

ಹಾಗಾದ್ರೆ ಏನು ಮಾಡ್ಬೇಕು?

- ಕೋವಿ ಬಿಚ್ಚಿ, ನಳಿಗೆಯ ಬುಡದಲ್ಲಿ ಕೊರೆದಿರುವ ಬೋರ್ ಮತ್ತು ಚೇಂಬರ್ ಉದ್ದ ಓದಿ. ಕಾಣದಿದ್ರೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ರ ಅಳತೆ ಮಾಡಿಸಿ.
- ಬೇರೆ ಬೇರೆ ಬೋರಿನ ತೋಟಾ ಒಂದೇ ಡಬ್ಬಿಯಲ್ಲಿ, ಒಂದೇ ಜೇಬಲ್ಲಿ ಇಡಬೇಡಿ.
- ಹೊಡೆದಾಗ ಸದ್ದು ಬರದಿದ್ರೆ ಕೋವಿಯನ್ನ ಸುರಕ್ಷಿತ ದಿಕ್ಕಿಗೇ ಹಿಡಿದು ಅರ್ಧ ನಿಮಿಷ ಕಾಯಿರಿ. ಆಮೇಲೆ ಬಿಚ್ಚಿ, ತೋಟಾ ತೆಗೆದು, ನಳಿಗೆಯ ಹಿಂದಿನಿಂದ ನೋಡಿ. ಆ ತುದಿಯ ಬೆಳಕು ಕಾಣಿಸಿದ್ರೆ ಮಾತ್ರ ಇನ್ನೊಂದು ತೋಟಾ.

ಹಬ್ಬದ ದಿನ ಇದಕ್ಕೆ ಎರಡು ನಿಮಿಷ ಸಾಕು. ತೆಂಗಿನಕಾಯಿ ಎಲ್ಲೂ ಓಡಿಹೋಗಲ್ಲ.