ಎಸ್‌ಎಸ್‌ಡಿ ಕೊಳ್ಳುವ ಮುನ್ನ ಫರ್ಮ್‌ವೇರ್ ವಿಚಾರಿಸಿ

ಶೆಟ್ಟಿಕೆರೆಯ ಓದುಗರೊಬ್ಬರ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದೆ, ಕೊಬ್ಬರಿ ವ್ಯಾಪಾರದ ಲೆಕ್ಕವೆಲ್ಲ ಅದರಲ್ಲೇ ಇದೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಬೇಕು, ಯಾವುದು ಒಳ್ಳೆಯದು ಎಂದು ಕೇಳಿದ್ದಾರೆ. ಅಂಗಡಿಯಲ್ಲಿ ವೇಗ, ಬೆಲೆ ಹೇಳುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ್ದು: ಇದರ ಫರ್ಮ್‌ವೇರ್ ಅನ್ನು ಲಿನಕ್ಸ್‌ನಲ್ಲೇ ಅಪ್‌ಡೇಟ್ ಮಾಡಬಹುದೇ?

ಇದೇಕೆ ಮುಖ್ಯ? ಅಟ್ಟದ ಮೇಲೆ ಉಂಡೆ ಕೊಬ್ಬರಿಗೆಂದು ಕಾಯಿ ಹಾಕಿದ್ದೀರಿ ಅಂದುಕೊಳ್ಳಿ. ಖಾಲಿ ಜಾಗಕ್ಕೆ ಒಂದಿಷ್ಟು ಕಾಯಿ ಸೇರಿಸಬಹುದು. ತೆಗೆಯುವುದಾದರೆ ಮಾತ್ರ ಇಡೀ ಅಂಕಣವನ್ನೇ ಬರಿದು ಮಾಡಬೇಕು. ಹಾಗಾಗಿ ಬೇಕಾದ ಕಾಯನ್ನು ಮೊದಲೇ ಬೇರೆ ಅಂಕಣಕ್ಕೆ ಸಾಗಿಸಿ, ಯಾವುದು ಎಲ್ಲಿ ಹೋಯಿತೆಂದು ಬರೆದಿಡಬೇಕು. ಎಸ್‌ಎಸ್‌ಡಿಯೊಳಗಿನ ಫ್ಲ್ಯಾಶ್ ಚಿಪ್ಪಿನ ಸ್ವಭಾವವೇ ಇದು: ಬರೆಯುವುದು ಪುಟಪುಟವಾಗಿ, ಅಳಿಸುವುದು ಬ್ಲಾಕುಗಟ್ಟಲೆ, ಅಳಿಸಿದಷ್ಟೂ ಬ್ಲಾಕ್ ಸವೆಯುತ್ತದೆ. ಈ ಲೆಕ್ಕ ಬರೆಯುವುದು ಡ್ರೈವಿನೊಳಗೇ ಓಡುವ ಫರ್ಮ್‌ವೇರ್. ಲೆಕ್ಕ ಕೆಟ್ಟರೆ ಕಾಯಿ ಅಟ್ಟದಲ್ಲೇ ಇದ್ದರೂ ಕೈಗೆ ಸಿಗದು.

ಕೆಟ್ಟ ಉದಾಹರಣೆಗಳಿವೆ. 2019ರ ನವೆಂಬರಿನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ತನ್ನ ಕೆಲವು ಸರ್ವರ್ ಡ್ರೈವುಗಳು 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಓಡಿದ ಕೂಡಲೇ ಸತ್ತುಹೋಗುತ್ತವೆ, ದತ್ತಾಂಶವೂ ಮರಳದು ಎಂದು ಎಚ್ಚರಿಸಿತು. 16 ಬಿಟ್‌ಗಳಲ್ಲಿ ಧನ, ಋಣ ಎರಡನ್ನೂ ಬರೆಯುವಾಗ ಹಿಡಿಸುವ ಅತಿ ದೊಡ್ಡ ಸಂಖ್ಯೆ 32,767; ಗಂಟೆಯ ಎಣಿಕೆ ಅದನ್ನು ದಾಟಿದ್ದೇ ಕಾರಣವಿರಬಹುದು! ಒಟ್ಟಿಗೇ ಕೊಂಡ ಡ್ರೈವುಗಳು ಒಟ್ಟಿಗೇ ಹೋಗುವ ಅಪಾಯವಿತ್ತು. ಉಳಿಸಿದ್ದು ಹೊಸ ಫರ್ಮ್‌ವೇರ್. 2023ರ ಆರಂಭದಲ್ಲಿ ಸ್ಯಾಮ್ಸಂಗ್ 980 ಪ್ರೊ ಡ್ರೈವುಗಳು ಹಳೆಯ ಫರ್ಮ್‌ವೇರಿನಿಂದಾಗಿ ಬರೆಯಲಾಗದ ಸ್ಥಿತಿಗೆ ಹೋಗುತ್ತಿದ್ದ ಸುದ್ದಿ ಬಂತು. ಅಲ್ಲೂ ಮದ್ದು ಅದೇ.

ಲಿನಕ್ಸ್ ಬಳಸುವವರಿಗೆ ದಾರಿ ತೋರಿದವರು ರೆಡ್ ಹ್ಯಾಟ್‌ನ ರಿಚರ್ಡ್ ಹ್ಯೂಸ್. ಅವರು ಕಟ್ಟಿದ ಎಲ್‌ವಿಎಫ್‌ಎಸ್ ಎಂಬ ಭಂಡಾರಕ್ಕೆ ತಯಾರಕರೇ ಫರ್ಮ್‌ವೇರ್ ಸೇರಿಸುತ್ತಾರೆ. ಎಫ್‌ಡಬ್ಲ್ಯುಅಪ್‌ಡಿ ತಂತ್ರಾಂಶ ಅದನ್ನು ತಂದು, ಸಹಿ ಪರೀಕ್ಷಿಸಿ ಡ್ರೈವಿಗೆ ಹಾಕುತ್ತದೆ. ಆದರೆ ಹೆಸರಾಂತ ಕಂಪನಿಯೆಂದು ಸುಮ್ಮನಾಗಬೇಡಿ. ಲ್ಯಾಪ್‌ಟಾಪ್ ಜೊತೆ ಬರುವ ಡ್ರೈವ್ ಎಲ್‌ವಿಎಫ್‌ಎಸ್ ಪಟ್ಟಿಯಲ್ಲಿದ್ದು, ಅದೇ ಕಂಪನಿಯ ಅಂಗಡಿ ಮಾಲು ಇಲ್ಲದಿರಬಹುದು. ಪೂರ್ತಿ ಮಾಡೆಲ್ ಸಂಖ್ಯೆಯನ್ನೇ ಅಲ್ಲಿ ಹುಡುಕಿ. ಸಿಗದಿದ್ದರೆ, ಪೆನ್‌ಡ್ರೈವಿನಿಂದ ಬೂಟ್ ಮಾಡಬಹುದಾದ ಐಎಸ್‌ಒ ಕಡತವನ್ನು ಕಂಪನಿ ಕೊಡುತ್ತದೆಯೇ ನೋಡಿ. ಸ್ಯಾಮ್ಸಂಗ್ ತನ್ನ ಹಲವು ಡ್ರೈವುಗಳಿಗೆ ಕೊಡುತ್ತದೆ. ವಿಂಡೋಸ್ ಆ್ಯಪ್ ಒಂದೇ ದಾರಿಯಾದರೆ, ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ಅಪ್‌ಡೇಟ್‌ಗೆ ಮುನ್ನ ಲೆಕ್ಕದ ಕಡತಗಳನ್ನು ಬೇರೆಡೆ ನಕಲು ಮಾಡಿಕೊಳ್ಳಿ. ಬ್ಯಾಟರಿ ತುಂಬಿರಲಿ, ಚಾರ್ಜರ್ ಹಾಕಿರಲಿ; ಕರೆಂಟ್ ಹೋಗಿ ಬರುವ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ.