ಬಾಗಿಲು ತೆರೆದ ಮೇಲಿನ ಕೆಲಸ

1856ರ ಜೂನ್‌ನಲ್ಲಿ ಅಸ್ಪೃಶ್ಯರೆನಿಸಿದ್ದ ಮಹಾರ ಜಾತಿಯ ಒಬ್ಬ ಹುಡುಗ ಧಾರವಾಡದ ಸರ್ಕಾರಿ ಶಾಲೆಯಲ್ಲಿ ತನಗೆ ಪ್ರವೇಶ ಕೊಡಬೇಕೆಂದು ಮುಂಬೈ ಸರ್ಕಾರಕ್ಕೆ ಅರ್ಜಿ ಹಾಕಿದ. ನ್ಯಾಯ ಅರ್ಜಿದಾರನ ಕಡೆಗಿದೆ ಎಂದು ಸರ್ಕಾರವೇ ಬರೆದುಕೊಂಡಿತು. ಆದರೆ ಒಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟು ಹೋದರೆ ಹೇಗೆ ಎಂದು ಹಿಂಜರಿದು ಅವನನ್ನು ಹೊರಗೇ ನಿಲ್ಲಿಸಿತು. ವಿಷಯ ಕಲ್ಕತ್ತೆಗೆ ಹೋಯಿತು, ಅಲ್ಲಿಂದ ಲಂಡನ್ನಿಗೆ. 1858ರಲ್ಲಿ ಮುಂಬೈ ಸರ್ಕಾರ ಠರಾವು ಹೊರಡಿಸಿ, ಪೂರ್ತಿ ಸರ್ಕಾರಿ ಖರ್ಚಿನಲ್ಲಿ ನಡೆಯುವ ಶಾಲೆಗಳು ಎಲ್ಲ ಪ್ರಜೆಗಳಿಗೂ ತೆರೆದಿರಬೇಕು ಎಂದಿತು. ಅಮೆರಿಕದ ಸುಪ್ರೀಂ ಕೋರ್ಟು ಕರಿಯ ಮಕ್ಕಳಿಗೆ ಬೇರೆ ಶಾಲೆ ಇಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಬ್ರೌನ್ ಪ್ರಕರಣದಲ್ಲಿ ಹೇಳಿದ್ದು 1954ರಲ್ಲಿ, ಅಂದರೆ ಈ ಠರಾವಿನ 96 ವರ್ಷಗಳ ನಂತರ. ಅಷ್ಟು ಮೊದಲೇ ಇಂಥ ಮಾತು ಹೇಳಿದ ನಾಡಿನಲ್ಲಿ ದಲಿತ ಮಕ್ಕಳು ಮುಂದೆ ಎಷ್ಟೋ ದಶಕ ಶಾಲೆಯ ಪಡಸಾಲೆಯಲ್ಲೇ ಕುಳಿತು ಪಾಠ ಕೇಳಬೇಕಾಯಿತು. ಇದಕ್ಕೆ ಕಾರಣ ಆ ಠರಾವಿನಲ್ಲೇ ಇತ್ತು. ಊರಿನವರ ವಂತಿಗೆ ಸೇರಿ ನಡೆಯುವ ಶಾಲೆಗಳಲ್ಲಿ, ವಂತಿಗೆ ಕೊಟ್ಟವರು ಬೇಡವೆಂದರೆ ಕೆಳಜಾತಿಯ ಮಕ್ಕಳನ್ನು ಸೇರಿಸುವ ಉದ್ದೇಶ ತನಗಿಲ್ಲ ಎಂದು ಸರ್ಕಾರ ಅದೇ ಕಾಗದದಲ್ಲಿ ಬರೆದಿತ್ತು. ಅಂಥ ಶಾಲೆಗೆ ನೆರವು ನಿಲ್ಲಿಸುವ ಹಕ್ಕನ್ನೇನೋ ಕಾದಿರಿಸಿಕೊಂಡಿತು. ಆದರೆ 1882ರ ಹಂಟರ್ ಶಿಕ್ಷಣ ಆಯೋಗ ಕೂಡ ತತ್ವವನ್ನು ಎತ್ತಿಹಿಡಿಯುತ್ತಲೇ, ವಿರೋಧವಿರುವ ಕಡೆ ಬೇರೆ ಶಾಲೆ ತೆರೆಯುವ ದಾರಿಯನ್ನು ತೋರಿಸಿತು.

ನಮ್ಮ ಭಾಗದ ಚಿಕ್ಕೋಡಿ, ಅಥಣಿ, ಆಗ ಚಿಕ್ಕೋಡಿ ತಾಲೂಕಿಗೇ ಸೇರಿದ್ದ ನಿಪ್ಪಾಣಿ ಇವೆಲ್ಲ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು, ಹಾಗಾಗಿ ಈ ಅರೆಮನಸ್ಸಿನ ಠರಾವೇ ಅಲ್ಲಿನ ನಿಯಮ. ಪಕ್ಕದ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಶಾಹೂ ಮಹಾರಾಜರು ಬೇರೆ ದಾರಿ ಹಿಡಿದರು. 1902ರಲ್ಲೇ ಸಂಸ್ಥಾನದ ನೌಕರಿಗಳಲ್ಲಿ ಅರ್ಧವನ್ನು ಹಿಂದುಳಿದವರಿಗೆ ಮೀಸಲಿಟ್ಟಿದ್ದರು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಮಾಡಿ, ಮಕ್ಕಳನ್ನು ಕಳಿಸದ ಪಾಲಕರಿಗೆ ದಂಡ ಹಾಕಿದರು. 1919ರ ಸೆಪ್ಟೆಂಬರಿನಲ್ಲಿ ಅಸ್ಪೃಶ್ಯರ ಪ್ರತ್ಯೇಕ ಶಾಲೆಗಳನ್ನು ಮುಚ್ಚಿ, ಆ ಮಕ್ಕಳನ್ನು ಎಲ್ಲರಂತೆ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಹುಕುಂ ಹೊರಡಿಸಿದರು. ಅದೇ ವರ್ಷದ ಇನ್ನೊಂದು ಆಜ್ಞೆ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಅಸ್ಪೃಶ್ಯ ಮಕ್ಕಳನ್ನು ಉಳಿದವರಿಗಿಂತ ಹೆಚ್ಚು ಅಕ್ಕರೆಯಿಂದ ನಡೆಸಿಕೊಳ್ಳಬೇಕು, ಉಳಿದವರು ಹೇಗಾದರೂ ಮುಂದೆ ಬರುತ್ತಾರೆ, ಇವರಿಗೆ ಬೇರೆ ದಾರಿಯಿಲ್ಲ ಎಂಬುದು ಅದರ ತಾತ್ಪರ್ಯ. ಶಿಕ್ಷಕರ ನಡತೆಯೂ ಸರ್ಕಾರಕ್ಕೆ ಸಂಬಂಧಿಸಿದ ವಿಷಯ ಎಂದು ಅರಸನೊಬ್ಬ ಬರೆದುಕೊಟ್ಟ ಮಾತಿದು. ಒಂದು ಆಡಳಿತ ಶಾಲೆಯ ಬಾಗಿಲು ತೆಗೆದು ಅಲ್ಲಿಗೇ ಕೈತೊಳೆದುಕೊಂಡಿತ್ತು. ಇನ್ನೊಂದು, ಒಳಗೆ ಬಂದ ಮಗು ಎಲ್ಲಿ ಕೂರುತ್ತದೆ, ಕಲಿತ ಮೇಲೆ ಅದಕ್ಕೆ ಯಾವ ನೌಕರಿ ಸಿಗುತ್ತದೆ ಎಂಬಲ್ಲಿಯವರೆಗೂ ಯೋಚಿಸಿತು. ಶಾಲೆಯಲ್ಲಿ ಜಾತಿಯ ಗೋಡೆ ಬೀಳುವುದು ಈ ಎರಡನೆಯ ಬಗೆಯ ಕೆಲಸದಿಂದ ಮಾತ್ರ ಎಂಬುದು ನನ್ನ ವಾದ.

ಹಾಗಾದರೆ ಶಾಹೂ ಮಹಾರಾಜರೇ ಮರಾಠರಿಗೆ, ಲಿಂಗಾಯತರಿಗೆ, ಜೈನರಿಗೆ ಬೇರೆ ಬೇರೆ ವಸತಿಗೃಹಗಳಿಗೆ ಬೆಂಬಲ ಕೊಟ್ಟರಲ್ಲ, ಅಸ್ಪೃಶ್ಯ ವಿದ್ಯಾರ್ಥಿಗಳಿಗೆ ಮಿಸ್ ಕ್ಲಾರ್ಕ್ ಬೋರ್ಡಿಂಗ್ ಕಟ್ಟಿಸಿದರಲ್ಲ, ಅದು ಪ್ರತ್ಯೇಕತೆ ಅಲ್ಲವೆ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ ಕೂಡ ದಲಿತ ಮಕ್ಕಳಿಗೆ ಬೇರೆ ಶಾಲೆ ನಡೆಸಿದರು. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂಧೆ 1906ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ಅದೇ ಕೆಲಸ ಮಾಡಿದರು. 1925ರ ಆರಂಭದಲ್ಲಿ ಡಾ. ಅಂಬೇಡ್ಕರ್ ಅವರ ಬಹಿಷ್ಕೃತ ಹಿತಕಾರಿಣಿ ಸಭೆ ಸೊಲ್ಲಾಪುರದಲ್ಲಿ ವಿದ್ಯಾರ್ಥಿ ನಿಲಯ ತೆರೆದಿತ್ತು, 1929ರಲ್ಲಿ ಧಾರವಾಡದಲ್ಲೂ ಅವರಿಂದ ಒಂದು ನಿಲಯ ಆರಂಭವಾಯಿತು. ಹಳ್ಳಿಯಿಂದ ಪೇಟೆಗೆ ಬಂದ ದಲಿತ ಹುಡುಗನಿಗೆ ಬಾಡಿಗೆಗೆ ಕೋಣೆ ಸಿಗದ, ಖಾನಾವಳಿಯಲ್ಲಿ ಊಟ ಸಿಗದ ಕಾಲ ಅದು. ಇರಲು ಜಾಗವಿಲ್ಲದವನಿಗೆ ಹೈಸ್ಕೂಲಿನ ಬಾಗಿಲು ತೆರೆದಿದ್ದರೂ ಒಂದೇ, ಮುಚ್ಚಿದ್ದರೂ ಒಂದೇ. ಈ ನಿಲಯಗಳಲ್ಲಿ ಮಲಗೆದ್ದ ಹುಡುಗರು ಹಗಲು ಎಲ್ಲರ ತರಗತಿಯಲ್ಲಿ ಕೂತರು. ಎಲ್ಲರ ಜೊತೆ ಕಲಿಯಲು ನೆರವಾಗುವ ಪ್ರತ್ಯೇಕ ವ್ಯವಸ್ಥೆ ಬೇರೆ, ಎಲ್ಲರಿಂದ ದೂರ ಇಡಲೆಂದೇ ಮಾಡಿದ ಪ್ರತ್ಯೇಕ ವ್ಯವಸ್ಥೆ ಬೇರೆ. ಆ ಸಹಾಯವನ್ನೂ ತೆಗೆದುಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲೇ ಒಂದು ನೋವಿನ ಉದಾಹರಣೆಯಿದೆ. ಬ್ರೌನ್ ತೀರ್ಪಿನ ನಂತರದ ಹತ್ತು ವರ್ಷಗಳಲ್ಲಿ ಕರಿಯರ ಶಾಲೆಗಳನ್ನು ಮುಚ್ಚುವ ಭರದಲ್ಲಿ ದಕ್ಷಿಣದ ಮತ್ತು ಗಡಿಯ ರಾಜ್ಯಗಳಲ್ಲಿ ಸುಮಾರು 38,000 ಕರಿಯ ಶಿಕ್ಷಕರು ಕೆಲಸ ಕಳೆದುಕೊಂಡರು ಎಂಬ ಅಂದಾಜಿದೆ. ಮಕ್ಕಳು ಹೊಸ ಶಾಲೆಗೆ ಹೋದರು, ಅವರ ಪರವಾಗಿ ಮಾತಾಡುವ ಮಾಸ್ತರರು ಹೋಗಲಿಲ್ಲ.

ಒತ್ತಾಯದಿಂದ ಮನಸ್ಸು ಕೂಡುವುದಿಲ್ಲ, ಮೊದಲು ಸಮಾಜ ಬದಲಾಗಲಿ, ಆಮೇಲೆ ಶಾಲೆ ತಾನಾಗಿ ಬದಲಾಗುತ್ತದೆ ಎನ್ನುವುದು ಹಳೆಯ ಆಕ್ಷೇಪ. 1856ರ ಮುಂಬೈ ಸರ್ಕಾರದ ಹಿಂಜರಿಕೆಯೂ ಇದೇ ಬಗೆಯದು. ಅಮೆರಿಕದ ದಕ್ಷಿಣದಲ್ಲಿ ಈ ಮಾತಿನ ಪರೀಕ್ಷೆ ನಡೆದುಹೋಗಿದೆ. ತೀರ್ಪು ಬಂದು ಹತ್ತು ವರ್ಷವಾದರೂ ಅಲ್ಲಿ ಬಿಳಿಯರ ಜೊತೆ ಕಲಿಯುತ್ತಿದ್ದ ಕರಿಯ ಮಕ್ಕಳು ನೂರಕ್ಕೆ ಮೂರರಷ್ಟೂ ಇರಲಿಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಂದು, ಮರುವರ್ಷ ಶಾಲೆಗಳಿಗೆ ಕೇಂದ್ರದ ದೊಡ್ಡ ಅನುದಾನ ಆರಂಭವಾಗಿ, ತಾರತಮ್ಯ ಮಾಡಿದರೆ ಆ ಹಣ ನಿಲ್ಲುತ್ತದೆ ಎಂದಾದ ಮೇಲೆ ಚಿತ್ರ ಕೆಲವೇ ವರ್ಷಗಳಲ್ಲಿ ಬದಲಾಯಿತು. ಬರ್ಕ್ಲಿಯ ಅರ್ಥಶಾಸ್ತ್ರಜ್ಞ ರಕರ್ ಜಾನ್ಸನ್ ಆ ಪೀಳಿಗೆಯ ಮಕ್ಕಳ ಬದುಕನ್ನು ಅವರು ದೊಡ್ಡವರಾಗುವವರೆಗೂ ಹಿಂಬಾಲಿಸಿ ಅಧ್ಯಯನ ಮಾಡಿದ್ದಾರೆ. ಕೂಡಿ ಕಲಿತ ಕರಿಯ ಮಕ್ಕಳು ಹೆಚ್ಚು ಓದಿದರು, ಹೆಚ್ಚು ದುಡಿದರು, ಅವರ ಆರೋಗ್ಯವೂ ಚೆನ್ನಾಗಿತ್ತು, ಜೈಲು ಸೇರಿದವರೂ ಕಡಿಮೆ. ಬಿಳಿಯ ಮಕ್ಕಳಿಗೆ ನಷ್ಟವೇನೂ ಆಗಲಿಲ್ಲ. ಈ ಲಾಭ ಬರೀ ಬಿಳಿಯರ ಪಕ್ಕ ಕೂತದ್ದರಿಂದ ಬಂದದ್ದಲ್ಲ. ಪ್ರತಿ ಮಗುವಿಗೆ ಖರ್ಚಾಗುವ ಹಣ ಹೆಚ್ಚಿತು, ತರಗತಿಗಳು ಚಿಕ್ಕದಾದವು. ನಮ್ಮ ದೇಶದ ಪುರಾವೆ ಬೇಕೆಂದರೆ ದಿಲ್ಲಿಯದಿದೆ. ಅಲ್ಲಿನ ಶ್ರೀಮಂತ ಖಾಸಗಿ ಶಾಲೆಗಳು 2007ರಿಂದ ಬಡ ಮಕ್ಕಳಿಗೆ ಸೀಟು ಕೊಡಬೇಕಾಯಿತು. ಗೌತಮ್ ರಾವ್ ಎಂಬ ಸಂಶೋಧಕರು ನೋಡಿದಾಗ, ಬಡ ಸಹಪಾಠಿಗಳಿದ್ದ ಶ್ರೀಮಂತ ಮಕ್ಕಳಲ್ಲಿ ಹಂಚಿಕೊಳ್ಳುವ ಗುಣ ಹೆಚ್ಚಿತ್ತು, ಬಡವರನ್ನು ದೂರ ಇಡುವ ಬುದ್ಧಿ ಕಡಿಮೆಯಾಗಿತ್ತು. ಇಂಗ್ಲಿಷಿನ ಅಂಕ ಸ್ವಲ್ಪ ಇಳಿದದ್ದು ನಿಜ, ಹಿಂದಿ ಮತ್ತು ಗಣಿತದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮನಸ್ಸು ಬದಲಾಗಲಿ ಎಂದು ಕಾಯುವವರು ಇದನ್ನು ಗಮನಿಸಬೇಕು. ಆ ಮಕ್ಕಳ ಮನಸ್ಸು ಬದಲಾದದ್ದು ತರಗತಿಯೊಳಗೆ, ಕೂಡಿ ಕೂತ ಮೇಲೆ.

ಇವತ್ತು ಅಥಣಿ, ಕಾಗವಾಡ, ರಾಯಬಾಗದಲ್ಲಿ ಯಾವ ಸರ್ಕಾರಿ ಶಾಲೆಯೂ ಜಾತಿ ಕೇಳಿ ಬಾಗಿಲು ಹಾಕುವಂತಿಲ್ಲ. ಆದರೂ ಮಕ್ಕಳು ಬೇರೆಯಾಗುತ್ತಿದ್ದಾರೆ, ಅದೂ ಎರಡು ದಾರಿಯಲ್ಲಿ. ಒಂದು, ಬೆಳಿಗ್ಗೆ ಹಳ್ಳಿಹಳ್ಳಿಗೆ ಬರುವ ಖಾಸಗಿ ಶಾಲೆಯ ವಾಹನ. ಫೀ ಕಟ್ಟಬಲ್ಲ ಮನೆಯ ಮಕ್ಕಳು ಅದನ್ನು ಹತ್ತುತ್ತಾರೆ. ಕೂಲಿಯವರ, ಕಬ್ಬು ಕಡಿಯುವವರ, ಬೀಡಿ ಕಟ್ಟುವವರ, ದಲಿತ ಕೇರಿಯ ಮಕ್ಕಳ ಪಾಲಿಗೆ ಕನ್ನಡ ಸಾಲಿ ಉಳಿಯುತ್ತದೆ. ಇನ್ನೊಂದು ಈ ಭಾಗಕ್ಕೇ ವಿಶೇಷವಾದದ್ದು. ಕೃಷ್ಣೆಯ ನೀರು, ಬಾವಿ ನೀರು ಹರಿದ ಮೇಲೆ ರೈತ ಕುಟುಂಬಗಳು ಊರು ಬಿಟ್ಟು ತೋಟದಲ್ಲೇ ಮನೆ ಕಟ್ಟಿಕೊಂಡವು, ಅವರ ಮಕ್ಕಳಿಗಾಗಿ ತೋಟದ ಶಾಲೆಗಳು ಬಂದವು. ಒಂದು ಕಿಲೋಮೀಟರಿನೊಳಗೆ ಕಿರಿಯ ಪ್ರಾಥಮಿಕ ಶಾಲೆ ಇರಬೇಕೆಂಬ ನಿಯಮ ಚಿಕ್ಕ ಮಕ್ಕಳಿಗೆ ದೊಡ್ಡ ಉಪಕಾರ, ಅದನ್ನು ಕೈಬಿಡಿ ಎಂದು ಯಾರೂ ಹೇಳಲಾರರು. ಆದರೆ ಜಮೀನು ಯಾರದೋ ವಸ್ತಿ ಅವರದು, ವಸ್ತಿ ಯಾರದೋ ಶಾಲೆಯೂ ಬಹುಪಾಲು ಅವರದೇ. ಭೂಮಿಯಿಲ್ಲದವರ ಮಕ್ಕಳು ಊರಿನ ಶಾಲೆಯಲ್ಲೇ ಉಳಿದರು. ಅಮೆರಿಕದಲ್ಲೂ ಬಿಳಿಯರು ನಗರ ಬಿಟ್ಟು ಹೊರವಲಯಕ್ಕೆ ಹೋದಾಗ ಹೀಗೆಯೇ ಆಯಿತು. ಬೇರೆ ಆಡಳಿತದ ಹೊರವಲಯವನ್ನು ಸೇರಿಸಿ ಮಕ್ಕಳನ್ನು ಹಂಚುವಂತಿಲ್ಲ ಎಂದು 1974ರಲ್ಲಿ ಡೆಟ್ರಾಯಿಟ್‌ನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಅಲ್ಲಿ ಮಕ್ಕಳನ್ನು ಒಂದೆಡೆ ತರುವ ಕೆಲಸ ಮತ್ತೆ ಹಿಂದೆ ಸರಿಯಿತು.

ಖಾಸಗಿ ಶಾಲೆಗೆ ಕಳಿಸುವ ತಂದೆ-ತಾಯಿ ಜಾತಿ ನೋಡಿ ಕಳಿಸುವುದಿಲ್ಲ, ಇಂಗ್ಲಿಷಿಗಾಗಿ ಕಳಿಸುತ್ತಾರೆ ಎಂಬ ಮಾತಿನಲ್ಲಿ ಸತ್ಯವಿದೆ. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಉದ್ದೇಶ ಏನೇ ಇರಲಿ, ತರಗತಿಯಲ್ಲಿ ಕಾಣುವ ಫಲ ಒಂದೇ. ಶಿಕ್ಷಣ ಹಕ್ಕು ಕಾಯ್ದೆ ಇದಕ್ಕೆ ಒಂದು ಉಪಾಯ ಇಟ್ಟಿತ್ತು: ಖಾಸಗಿ ಶಾಲೆಗಳ ಮೊದಲ ತರಗತಿಯಲ್ಲಿ ನೂರಕ್ಕೆ 25 ಸೀಟು ಹಿಂದುಳಿದ, ಬಡ ಮಕ್ಕಳಿಗೆ. 2019ರ ಪ್ರವೇಶದ ಹೊತ್ತಿಗೆ ಕರ್ನಾಟಕ ನಿಯಮ ಬದಲಿಸಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲ ಎಂದಿತು. ಖಾಸಗಿಯವರಿಗೆ ಸುರಿಯುವ ಹಣ ಸರ್ಕಾರಿ ಶಾಲೆಗೆ ಉಳಿಯಲಿ ಎಂಬ ಸಮರ್ಥನೆಯನ್ನು ಗೌರವಿಸುತ್ತೇನೆ. ಆದರೆ ಉಳ್ಳವರ ಮಕ್ಕಳನ್ನೂ ಇಲ್ಲದವರ ಮಕ್ಕಳನ್ನೂ ಒಂದು ಕೋಣೆಯಲ್ಲಿ ಕೂರಿಸುತ್ತಿದ್ದ ಕಾನೂನಿನ ಬಲ ಅದರೊಂದಿಗೆ ಬಹುಮಟ್ಟಿಗೆ ಹೋಯಿತು. ಅದರ ಜಾಗಕ್ಕೆ ಬಂದದ್ದೇನು ಎಂದು ಕೇಳುವ ಹಕ್ಕು ಓದುಗರಿಗಿದೆ.

ನಿಪ್ಪಾಣಿಯ ಕಡೆ ಇನ್ನೊಂದು ಪ್ರಶ್ನೆ ಏಳುತ್ತದೆ. ಕನ್ನಡ, ಮರಾಠಿ, ಉರ್ದು ಶಾಲೆಗಳನ್ನೂ ಒಂದು ಮಾಡಬೇಕೆ? ಖಂಡಿತ ಬೇಡ. ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸಂವಿಧಾನದ 350-ಎ ವಿಧಿಯ ಬೆಂಬಲವಿದೆ, ಮಗುವಿನ ನುಡಿಯನ್ನು ಕಿತ್ತು ಐಕ್ಯ ತರಲಾಗದು. ಪಾಠ ಬೇರೆ ಬೇರೆ ನುಡಿಯಲ್ಲಿರಲಿ. ಆಟ, ಪ್ರಾರ್ಥನೆ, ಬಿಸಿಯೂಟದ ಪಂಕ್ತಿ ಬೇರೆಯಾಗಬೇಕಿಲ್ಲ. ಪಂಕ್ತಿಯ ಮಾತು ಸಣ್ಣದಲ್ಲ. ಬಿಸಿಯೂಟದ ಅಡುಗೆ ಕೆಲಸದಲ್ಲಿ ದಲಿತರಿಗೆ ಆದ್ಯತೆ ಇರಬೇಕೆಂದು ಸುಪ್ರೀಂ ಕೋರ್ಟು 2004ರಲ್ಲಿ ಹೇಳಿದ ಮೇಲೂ, ದಲಿತ ಮಹಿಳೆ ಮಾಡಿದ ಅಡುಗೆ ಬೇಡವೆಂದು ಮಕ್ಕಳನ್ನು ತಡೆದ ಸುದ್ದಿಗಳು ದೇಶದ ನಾನಾ ಕಡೆಯಿಂದ ಬರುತ್ತಲೇ ಇವೆ. ಅಂಥ ಹೊತ್ತಿನಲ್ಲಿ ಅಡುಗೆಯವರನ್ನು ಬದಲಿಸಿ ಊರನ್ನು ಸಮಾಧಾನಪಡಿಸುವ ಅಧಿಕಾರಿ 1856ರ ತೀರ್ಮಾನವನ್ನೇ ಮತ್ತೆ ಬರೆಯುತ್ತಾನೆ.

ಇಂದು ಮಾಡಬಹುದಾದ ಕೆಲಸ ಕಣ್ಣೆದುರೇ ಇದೆ. ಒಂದನೆಯ ತರಗತಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ನಡೆಯುವ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವೂ ಬಂದಿರುವುದರಿಂದ, ಫೀ ಕಟ್ಟಬಲ್ಲವರೂ ಅತ್ತ ತಿರುಗಿ ನೋಡುತ್ತಿದ್ದಾರೆ. ಅಮೆರಿಕದಲ್ಲಿ ವಿಶೇಷ ಪಾಠಕ್ರಮದ ಆಕರ್ಷಣೆಯಿಂದ ಎರಡೂ ಬಣ್ಣದ ಮಕ್ಕಳನ್ನು ಸೆಳೆದ ಮ್ಯಾಗ್ನೆಟ್ ಶಾಲೆಗಳ ದಾರಿಯೂ ಇದೇ. ಆದರೆ ಸೀಟು ಕಡಿಮೆಯಾಗಿ ಬೇಡಿಕೆ ಹೆಚ್ಚಾದ ಕಡೆ, ಮೊದಲು ಬಂದು ಸಾಲಲ್ಲಿ ನಿಲ್ಲುವವರು ಸುದ್ದಿ ಬೇಗ ತಲುಪುವ ಮನೆಯವರು. ಹಾಗಾಗಿ ದಲಿತ ಕೇರಿಗೂ ದೂರದ ವಸ್ತಿಗೂ ಸೀಟು ಮೊದಲೇ ಕಾದಿರಿಸಬೇಕು. ತೋಟದ ಮಕ್ಕಳು ನಾಲ್ಕನೆಯ ಅಥವಾ ಐದನೆಯ ತರಗತಿ ಮುಗಿಸಿದ ಮೇಲೆ ಊರಿನ ಮಕ್ಕಳೊಂದಿಗೆ ಈ ಶಾಲೆ ಸೇರುವಂತೆ ಸರ್ಕಾರವೇ ಬಸ್ಸು ಓಡಿಸಬೇಕು. ಕೇರಿಯಿಂದ ಬಂದ ಶಿಕ್ಷಕರು ಅಲ್ಲಿ ಇರುವಂತೆ ನೋಡಬೇಕು. ಇದಕ್ಕೆ ಹಣ ಬೇಕು, ಪ್ರತಿ ವರ್ಷ ಬೇಕು. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಯಾವ ಶಾಲೆಯಲ್ಲಿ ಯಾವ ಕೇರಿಯ, ಯಾವ ವಸ್ತಿಯ ಮಕ್ಕಳಿದ್ದಾರೆ ಎಂಬುದು ದಾಖಲಾತಿ ಪುಸ್ತಕದಲ್ಲೇ ಸಿಗುತ್ತದೆ. ಬಸ್ಸಿನ ದಾರಿಯನ್ನು ಆ ಪುಸ್ತಕ ಮುಂದಿಟ್ಟುಕೊಂಡೇ ಗುರುತಿಸಬಹುದು.